ಸೀಸ ಮನೆಯೊಳಗೆ ಬರುವ ದಾರಿ: ಪುಟ್ಟ ಮಕ್ಕಳಿರುವ ಮನೆಯವರಿಗೆ

‘ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಇದೆ’ ಎಂದು ಡಾಕ್ಟರು ಹೇಳಿದಾಗ ನಮ್ಮ ಅವ್ವ ಗಾಬರಿಯಾಗಿ, ‘ಸೀಸೆನಾ? ಗಾಜು ಯಾವಾಗ ನುಂಗಿತಪ್ಪಾ ಇದು?’ ಎಂದಿದ್ದಳು. ಅಕ್ಕ ನಗಲೂ ಆಗದೆ ಅಳಲೂ ಆಗದೆ ಕೂತಿದ್ದಳು. ಇದು ಗಾಜಿನ ಸೀಸೆ ಅಲ್ಲ, ಬ್ಯಾಟರಿಯೊಳಗೆ ಇರುತ್ತಲ್ಲ, ಆ ಸೀಸ, ಲೆಡ್ ಎಂದು ಡಾಕ್ಟರು ಬಿಡಿಸಿ ಹೇಳಬೇಕಾಯಿತು.

ಅಕ್ಕನ ಮನೆ ಚಿತ್ರದುರ್ಗದಲ್ಲಿ, ನಾನಿರುವುದು ದಾವಣಗೆರೆಯಲ್ಲಿ. ಅವಳ ಮಗನಿಗೆ ಆಗ ಎರಡೂವರೆ ವರ್ಷ. ಊಟ ಬೇಡ ಅನ್ನುತ್ತಿದ್ದ, ಮಲಬದ್ಧತೆ, ಸುಮ್ಮಸುಮ್ಮನೆ ಹಟ. ಮೂರು ತಿಂಗಳು ಕಬ್ಬಿಣದ ಟಾನಿಕ್ ಕುಡಿಸಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಆಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಮಗುವಿನ ಬಗ್ಗೆ ಇರಲಿಲ್ಲ. ‘ಇವರ ಅಪ್ಪ ಏನು ಕೆಲಸ ಮಾಡ್ತಾರಮ್ಮ?’ ಎಂದರು. ಭಾವ ಬ್ಯಾಟರಿ ರಿಪೇರಿ ಮಾಡುತ್ತಾರೆ. ಇನ್ವರ್ಟರ್, ಟ್ರ್ಯಾಕ್ಟರ್, ಆಟೋ ಎಲ್ಲದರದೂ. ಪರೀಕ್ಷೆ ಮಾಡಿಸಿದರೆ 14 ಬಂತು, ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 14 ಮೈಕ್ರೋಗ್ರಾಂ ಸೀಸ. ಮುಂದೆ ಬರುವ ಅಂಕಿಗಳೂ ಇದೇ ಲೆಕ್ಕದವು.

ಆ ಮೇಲೆ ನಾವು ಮನೆಯಲ್ಲಿ ಏನೇನು ಬದಲಾಯಿಸಿದೆವು, ಯಾವುದು ಕೆಲಸಕ್ಕೆ ಬಂತು, ಯಾವುದಕ್ಕೆ ಸುಮ್ನೆ ದುಡ್ಡು ಹಾಳು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಬ್ಯಾಟರಿ ಕೆಲಸದವರು ಇಲ್ಲದಿದ್ದರೂ ಓದಿ. ಸೀಸಕ್ಕೆ ಬೇರೆ ಬಾಗಿಲುಗಳೂ ಇವೆ.

ಮಕ್ಕಳಿಗೇ ಯಾಕೆ ಜಾಸ್ತಿ

ದೊಡ್ಡವರು ನುಂಗಿದ ಸೀಸದಲ್ಲಿ ಸ್ವಲ್ಪ ಭಾಗ ಮಾತ್ರ ಮೈಗೆ ಸೇರುತ್ತದೆ, ಉಳಿದದ್ದು ಹೊರಗೆ ಹೋಗುತ್ತದೆ. ಪುಟ್ಟ ಮಕ್ಕಳ ಹೊಟ್ಟೆ ಅದಕ್ಕಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಅದರ ಮೇಲೆ ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ, ಕಿಟಕಿಯ ಸರಳು ನೆಕ್ಕುತ್ತದೆ, ಗೋಡೆ ಕೆರೆದು ತಿನ್ನುತ್ತದೆ. ಮೆದುಳು ಬೆಳೆಯುವ ಕಾಲ ಬೇರೆ. ಕಲಿಕೆ, ಗಮನ, ಸಿಟ್ಟು ತಡೆಯುವ ಶಕ್ತಿ, ಇವೆಲ್ಲಕ್ಕೂ ಪೆಟ್ಟು ಬೀಳುತ್ತದೆ. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಷ್ಟ ಏನೆಂದರೆ, ಹೆಚ್ಚಿನ ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ಮಗು ಆಡಿಕೊಂಡೇ ಇರುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಹಾಕಿದ ಲೆಕ್ಕದ ಪ್ರಕಾರ ಪ್ರಪಂಚದ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಜಾಸ್ತಿ ಇದೆ. ಭಾರತದಲ್ಲೇ ಇಂಥ ಮಕ್ಕಳು 27 ಕೋಟಿಗೂ ಹೆಚ್ಚು. ಹಾಗಾಗಿ ‘ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ’ ಎಂದು ಹೇಳುವ ಮುಂಚೆ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಮೊದಲ ಹೆಜ್ಜೆ: ಒಂದು ಸಂಜೆ, ಒಂದು ಹಾಳೆ

ಒಂದು ಹಾಳೆ ಹಿಡಿದು ಮನೆ ಸುತ್ತಿ. ಏನೂ ಕೊಳ್ಳಬೇಡಿ, ಏನೂ ಎಸೆಯಬೇಡಿ, ಸುಮ್ಮನೆ ಬರೆದುಕೊಳ್ಳಿ. ಮನೆಯವರು ಯಾರ್ಯಾರು ಎಲ್ಲಿ ಕೆಲಸ ಮಾಡುತ್ತಾರೆ? ಕಿಟಕಿ, ಬಾಗಿಲು, ಗೇಟು, ಕಬ್ಬಿಣದ ಮಂಚ, ತೊಟ್ಟಿಲಿನ ಪೇಂಟ್ ಎಲ್ಲಿ ಏಳುತ್ತಿದೆ? ಮಗು ಜಾಸ್ತಿ ಹೊತ್ತು ಎಲ್ಲಿ ಕೂತು ಆಡುತ್ತದೆ? ಅಡುಗೆಮನೆಯ ಅರಿಶಿಣ ಎಲ್ಲಿಂದ ಬಂದದ್ದು? ಕಲಾಯಿ ಹಾಕಿಸಿದ ಪಾತ್ರೆ ಯಾವುದು? ಮಗುವಿನ ಕೊರಳಲ್ಲಿ, ಸೊಂಟದಲ್ಲಿ, ಕಣ್ಣಿನಲ್ಲಿ, ಹಣೆಯಲ್ಲಿ ಏನಿದೆ? ಅಕ್ಕಪಕ್ಕ ಗುಜರಿ ಅಂಗಡಿ, ಗ್ಯಾರೇಜು ಇದೆಯಾ?

ಇಷ್ಟಕ್ಕೆ ಅರ್ಧ ಗಂಟೆ ಸಾಕು. ಅಕ್ಕನ ಮನೆಯ ಹಾಳೆಯಲ್ಲಿ ಒಂಬತ್ತು ಸಾಲು ಬಂದವು. ನಿಜವಾಗಿ ತೊಂದರೆ ಕೊಡುತ್ತಿದ್ದದ್ದು ಎರಡೋ ಮೂರೋ ಇರಬೇಕು. ಆದರೆ ಯಾವ ಮೂರು ಎಂದು ತಿಳಿಯಲು ಒಂಬತ್ತನ್ನೂ ಬರೆಯಬೇಕಾಯಿತು.

ಒಂದು ಮಾತು. ಹಾಳೆ ಹಿಡಿದ ಕೂಡಲೇ ಎಲ್ಲರ ಕಣ್ಣೂ ಮೊದಲು ಬೀಳುವುದು ಪೆನ್ಸಿಲ್ ಮೇಲೆ, ‘ಸೀಸದ ಕಡ್ಡಿ’ ಅನ್ನುತ್ತೇವಲ್ಲ. ಅದರಲ್ಲಿ ಸೀಸ ಇಲ್ಲ, ಇರುವುದು ಗ್ರಾಫೈಟ್. ಹೆಸರು ಮಾತ್ರ ಹಳೆಯ ತಪ್ಪು. ಪೆನ್ಸಿಲ್‌ ಬಿಟ್ಟುಬಿಡಿ.

ಎರಡನೆಯದು: ಕೆಲಸದ ಬಟ್ಟೆ

ಇದನ್ನು ನಾನು ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಮ್ಮ ಎರಡೂ ಊರುಗಳಲ್ಲಿ ಇದೇ ದೊಡ್ಡ ದಾರಿ ಎಂಬುದು ನನ್ನ ಅನಿಸಿಕೆ. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಕಡೆ ನಡೆದು ನೋಡಿ. ಗ್ಯಾರೇಜು, ಬ್ಯಾಟರಿ, ರೇಡಿಯೇಟರ್, ವೆಲ್ಡಿಂಗ್, ಗುಜರಿ. ಚಿತ್ರದುರ್ಗದಲ್ಲೂ ಹೈವೇ ಪಕ್ಕ ಹಾಗೇ. ಲಾರಿ ಓಡುವ ಊರಿಗೆ ಈ ಅಂಗಡಿಗಳು ಬೇಕೇ ಬೇಕು. ಕರೆಂಟು ಹೋದರೆ ಇನ್ವರ್ಟರ್, ಅದಕ್ಕೂ ಬ್ಯಾಟರಿ. ಇಂಥ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ.

ಬ್ಯಾಟರಿ ಕೆಲಸದವರು, ಗುಜರಿಯವರು, ರೇಡಿಯೇಟರ್‌ಗೆ ಬೆಸುಗೆ ಹಾಕುವವರು, ಟಿವಿ, ಮೊಬೈಲ್ ರಿಪೇರಿಯಲ್ಲಿ ಸಾಲ್ಡರಿಂಗ್ ಮಾಡುವವರು, ಹಳೇ ಪೇಂಟ್ ಕೆರೆಯುವ ಪೇಂಟರ್‌ಗಳು, ಕಲಾಯಿ ಹಾಕುವವರು, ಹಳೇ ಕಟ್ಟಡ ಕೆಡವುವವರು, ಇವರ ಬಟ್ಟೆ, ಕೂದಲು, ಚಪ್ಪಲಿಯ ಮೇಲೆ ಸೀಸದ ಧೂಳು ಮನೆಗೆ ಬರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ. ಅಪ್ಪ ಬಂದ ಕೂಡಲೇ ಮಗು ಓಡಿಹೋಗಿ ಎತ್ತಿಕೋ ಅನ್ನುತ್ತದೆ. ಅಲ್ಲಿಗೆ ಮುಗಿಯಿತು. ಇದನ್ನು ಭಾವನಿಗೆ ಹೇಳುವುದು ಸುಲಭ ಇರಲಿಲ್ಲ. ದಿನವಿಡೀ ದುಡಿದು ಬಂದ ಮನುಷ್ಯನಿಗೆ ‘ಮಗನ್ನ ಮುಟ್ಟಬೇಡಿ’ ಎಂದರೆ ಹೇಗನ್ನಿಸುತ್ತೆ? ಕೊನೆಗೆ ಅಕ್ಕ, ‘ಹತ್ತು ನಿಮಿಷ ತಡೀರಿ, ಆಮೇಲೆ ರಾತ್ರಿಯೆಲ್ಲ ಎತ್ಕೊಂಡಿರಿ’ ಎಂದು ಹೇಳಿ ಒಪ್ಪಿಸಿದಳು.

ಮಾಡಬೇಕಾದದ್ದು ಇಷ್ಟು. ಕೆಲಸದ ಬಟ್ಟೆ, ಚಪ್ಪಲಿ ಬೇರೆ ಇರಲಿ. ಆಗುವುದಾದರೆ ಅಂಗಡಿಯಲ್ಲೇ ಬದಲಾಯಿಸಿ, ಕೈ, ಮುಖ, ತೋಳು ಸೋಪು ಹಾಕಿ ತೊಳೆದು ಹೊರಡಲಿ. ಅಲ್ಲಿ ಜಾಗ ಇಲ್ಲದಿದ್ದರೆ ಮನೆಯ ಹಿತ್ತಲಲ್ಲಿ ಅಥವಾ ಹೊರಗಿನ ಬಚ್ಚಲಲ್ಲಿ ಆಗಲಿ. ಮಗುವನ್ನು ಎತ್ತುವ ಮುಂಚೆ ತಲೆಸ್ನಾನ ಮಾಡಿದರೆ ಇನ್ನೂ ಒಳ್ಳೆಯದು. ಆ ಬಟ್ಟೆಯನ್ನು ಒಳಗೆ ಕೊಡವಬೇಡಿ. ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಟ್ಟು, ಮಗುವಿನ ಬಟ್ಟೆ ಜೊತೆ ಸೇರಿಸದೆ ಒಗೆಯಿರಿ. ಒಗೆದ ನೀರನ್ನು ಮಗು ಆಡುವ ಅಂಗಳಕ್ಕೆ ಚೆಲ್ಲಬೇಡಿ. ಟಿಫನ್ ಕ್ಯಾರಿಯರ್, ಬೈಕಿನ ಸೀಟು ಮರೆತುಹೋಗುತ್ತವೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಸುರಿ, ಬಾಣಂತಿ ಇರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ಸೀಸ ತಾಯಿಯ ಎಲುಬಿನಲ್ಲಿ ವರ್ಷಗಟ್ಟಲೆ ಕೂತಿದ್ದು, ಬಸಿರಿನಲ್ಲಿ ರಕ್ತಕ್ಕೆ ಇಳಿದು ಮಗುವಿಗೆ ಹೋಗುತ್ತದೆ.

ಕೆಲವರು ಮನೆಯ ಹಿತ್ತಲಲ್ಲೇ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಇದರಲ್ಲಿ ರಾಜಿ ಬೇಡ. ಆಫ್ರಿಕಾದ ಸೆನೆಗಲ್ ದೇಶದಲ್ಲಿ, ಡಾಕಾರ್ ನಗರದ ಹೊರವಲಯದ ಒಂದು ಕೇರಿಯಲ್ಲಿ ಜನ ಹೀಗೇ ಬ್ಯಾಟರಿ ಸೀಸ ಜಾಲಿಸುತ್ತಿದ್ದರು. 2007ರ ಕೊನೆಯಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ಸತ್ತವು. ಸೋಪು ನೀರಿಗೆ ಹೋಗುವ ಅಪಾಯ ಅಲ್ಲ ಇದು. ನಿಮ್ಮ ಹಳೇ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ವಾಪಸ್ ಕೊಡಿ. ದುಡ್ಡಿನಲ್ಲಿ ಸ್ವಲ್ಪ ಕಡಿತವೂ ಸಿಗುತ್ತದೆ. ಬಳಸಿದ ಬ್ಯಾಟರಿ ಅನುಮತಿ ಪಡೆದ ಮರುಬಳಕೆ ಘಟಕಕ್ಕೇ ಹೋಗಬೇಕು ಎಂದು 2001ರಿಂದಲೇ ನಿಯಮ ಇದೆ, 2022ರಲ್ಲಿ ಹೊಸ ನಿಯಮ ಬಂದಿದೆ. ಬೀದಿಯಲ್ಲಿ ಯಾರಾದರೂ ಕರಗಿಸುತ್ತಿದ್ದರೆ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಪಾಲಿಕೆ ಅಥವಾ ನಗರಸಭೆಗೂ ಬರೆದು ಕೊಡಿ. ಬಾಯಿಮಾತಿನ ದೂರು ಅಲ್ಲೇ ಉಳಿಯುತ್ತದೆ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಮೂರನೆಯದು: ಪೇಂಟು ಮತ್ತು ಧೂಳು

ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಭಾರತದಲ್ಲಿ 2016ರಲ್ಲಿ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅಂದರೆ ಅದಕ್ಕೂ ಹಿಂದೆ ಬಳಿದ ಪೇಂಟ್ ಎಂದರೆ ಅನುಮಾನ ಇಟ್ಟುಕೊಳ್ಳಿ. ಅದರಲ್ಲೂ ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣದ ಎನಾಮಲ್, ಅಂದರೆ ಬಾಗಿಲು, ಕಿಟಕಿ ಸರಳು, ಗೇಟಿಗೆ ಹಾಕುವ ಹೊಳೆಯುವ ಆಯಿಲ್ ಪೇಂಟ್. ಹಳೇ ಪೇಟೆಯ ಮನೆಗಳಲ್ಲಿ ಒಂದರ ಮೇಲೊಂದು ಐದಾರು ಪದರ ಇರುತ್ತದೆ, ಮೇಲಿನದು ಹೊಸದಾದರೂ ಕೆಳಗಿನದು ಅಜ್ಜನ ಕಾಲದ್ದು. ಬರೀ ಸುಣ್ಣ ಬಳಿದ ಗೋಡೆಗೆ ಹೆದರಬೇಡಿ.

ಪೇಂಟ್ ಗಟ್ಟಿಯಾಗಿ ಕೂತಿದ್ದರೆ ಅದನ್ನು ಕೆರೆಯುವ ಗೋಜಿಗೆ ಹೋಗಬೇಡಿ. ಅದರ ಮೇಲೆ ಹೊಸ ಪೇಂಟ್ ಹಾಕಿದರೆ ಸಾಕು. ತೊಂದರೆ ಇರುವುದು ಏಳುತ್ತಿರುವ, ಪುಡಿಯಾಗುತ್ತಿರುವ, ಬಾಗಿಲು ಉಜ್ಜಿ ಉಜ್ಜಿ ಸವೆಯುವ ಜಾಗದಲ್ಲಿ. ಮಗು ಹಲ್ಲು ಕಚ್ಚುವ ಕಿಟಕಿ ಕೆಳಗಿನ ಪಟ್ಟಿಯಲ್ಲಿ, ತೊಟ್ಟಿಲಿನ ಅಂಚಿನಲ್ಲಿ.

ನಮ್ಮಲ್ಲಿ ಯುಗಾದಿ, ದೀಪಾವಳಿ, ಮದುವೆ, ಗೃಹಪ್ರವೇಶ ಬಂದರೆ ಪೇಂಟರ್ ಬರುತ್ತಾನೆ, ಒಣ ಮರಳು ಕಾಗದ ಹಿಡಿದು ಉಜ್ಜುತ್ತಾನೆ. ಮನೆಯೆಲ್ಲ ಧೂಳು. ಮಗು ಪಕ್ಕದಲ್ಲೇ ಕೂತು ನೋಡುತ್ತಿರುತ್ತದೆ. ಇದೇ ತಪ್ಪು. ಅಣ್ಣಾವ್ರೆ, ನೀರು ಚಿಮುಕಿಸಿ ಉಜ್ಜಿ ಎಂದು ಹೇಳಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದದ್ದನ್ನು ಅದರಲ್ಲೇ ಸುತ್ತಿ ಎತ್ತಲಿ. ಬೆಂಕಿ ಹಚ್ಚಿ ಪೇಂಟ್ ಸುಡುವುದು ಬೇಡವೇ ಬೇಡ, ಅದರ ಹೊಗೆ ಇನ್ನೂ ಕೆಟ್ಟದ್ದು. ಆ ಎರಡು ಮೂರು ದಿನ ಮಗುವನ್ನೂ ಬಸುರಿಯನ್ನೂ ಅಜ್ಜಿ ಮನೆಗೆ ಕಳಿಸಿ. ನೆಲ ಎರಡು ಸಲ ಒರೆಸಿದ ಮೇಲೆ ಬರಲಿ. ಹಳೇ ಪೇಂಟಿನ ಕಟ್ಟಿಗೆಯನ್ನು ನೀರೊಲೆಗೆ ಹಾಕುವ ರೂಢಿ ಇದೆ, ಅದನ್ನೂ ಬಿಡಿ. ಬೂದಿ ಪಾತ್ರೆ ಉಜ್ಜಲು ಹೋಗುತ್ತದೆ, ಸೀಸವೂ ಅದರ ಜೊತೆಗೇ.

ಹೊಸ ಪೇಂಟ್ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಎಂದು ಬರೆದಿದೆಯಾ ನೋಡಿ. ಒಂದು ಬಿರುಕು ಇಲ್ಲಿದೆ: ಆ ನಿಯಮ ಮನೆಯ ಮತ್ತು ಅಲಂಕಾರದ ಪೇಂಟಿಗೆ ಮಾತ್ರ. ಕಾರ್ಖಾನೆ, ಯಂತ್ರಗಳಿಗೆ ಮಾಡಿದ ಪೇಂಟ್ ಅದರೊಳಗೆ ಬರುವುದಿಲ್ಲ. ‘ಅದೇ ಗಟ್ಟಿ ಸಾರ್, ಲಾರಿಗೆ ಹಾಕೋದು’ ಎಂದು ಯಾರಾದರೂ ಮಂಚಕ್ಕೋ ಜೋಕಾಲಿಗೋ ಅದನ್ನೇ ಬಳಿಯಲು ಬಂದರೆ ಬೇಡ ಅನ್ನಿ. ಕಬ್ಬಿಣಕ್ಕೆ ಮೊದಲ ಕೋಟ್ ಹಾಕುವಾಗಲೂ ಕೇಳಿ. ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡ್. ರೆಡ್ ಲೆಡ್ ಎಂದರೆ ಸೀಸವೇ. ಬಣ್ಣ ನೋಡಿ ಗೊತ್ತಾಗುವುದಿಲ್ಲ, ಡಬ್ಬಿ ಓದಬೇಕು.

ದಿನನಿತ್ಯದ ಧೂಳಿಗೆ ಒಂದೇ ಮದ್ದು, ಒದ್ದೆ ಬಟ್ಟೆ. ಪೊರಕೆ ಧೂಳನ್ನು ಎಬ್ಬಿಸಿ ಮತ್ತೆ ಕೂರಿಸುತ್ತದೆ ಅಷ್ಟೇ. ಗುಡಿಸಲೇಬೇಕಾದರೆ ನೀರು ಚಿಮುಕಿಸಿ ಗುಡಿಸಿ. ಮಗು ಆಡುವ ಜಾಗ ಮತ್ತು ಕಿಟಕಿ ಕಟ್ಟೆಯನ್ನು ದಿನಾ ಒರೆಸಿ, ಬಟ್ಟೆಯನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ಹಿಂಡಬೇಡಿ. ಚಪ್ಪಲಿ ಬಾಗಿಲ ಹೊರಗೇ ಬಿಡುವ ನಮ್ಮ ಪದ್ಧತಿ ಇದೆಯಲ್ಲ, ಇದಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಅಂಗಳದ ಮಣ್ಣಿನ ಬಗ್ಗೆ ಎರಡು ಮಾತು. ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ಅದಕ್ಕೂ ಮುಂಚೆ, 1990ರ ದಶಕದ ಕೊನೆಯಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್‌ನವರು ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದ್ದರು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ 10ಕ್ಕಿಂತ ಜಾಸ್ತಿ ಇತ್ತು. ಪೆಟ್ರೋಲ್ ಬದಲಾಯಿತು, ಆದರೆ ಸೀಸ ಕೊಳೆಯುವ ವಸ್ತು ಅಲ್ಲ. ಹಳೆಯ ಹೆದ್ದಾರಿ ಅಂಚಿನ, ಗ್ಯಾರೇಜ್ ಪಕ್ಕದ ಮಣ್ಣಿನಲ್ಲಿ ಇನ್ನೂ ಉಳಿದಿರಬಹುದು. ಅಂಥ ಕಡೆ ಮಗುವಿಗೆ ಬರಿಮಣ್ಣಿನಲ್ಲಿ ಆಡಲು ಬಿಡಬೇಡಿ. ಹುಲ್ಲು ಬೆಳೆಸಿ, ಕಲ್ಲು ಹಾಸಿ, ಇಲ್ಲವೇ ಬೇರೆ ಕಡೆಯ ಮರಳು ತಂದು ಒಂದು ಮೂಲೆಗೆ ಹಾಕಿ ಕೊಡಿ. ಮಗು ಮಣ್ಣು ತಿನ್ನುತ್ತಿದ್ದರೆ ಹೊಡೆಯಬೇಡಿ, ರಕ್ತಹೀನತೆ ಇದೆಯಾ ನೋಡಿಸಿ.

ನಾಲ್ಕನೆಯದು: ಅಡುಗೆಮನೆ

ಅರಿಶಿಣದಿಂದ ಶುರು ಮಾಡೋಣ. ಕೊಂಬು ಹೊಳೆಯಲಿ ಎಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಹಚ್ಚುವ ಕಲಬೆರಕೆ ಇದೆ. ಬಾಂಗ್ಲಾದೇಶದಲ್ಲಿ ಇದನ್ನು ಪತ್ತೆ ಹಚ್ಚಿದ ಮೇಲೆ ಸರ್ಕಾರ 2019ರಿಂದ ದಾಳಿ, ದಂಡ, ಪ್ರಚಾರ ಮಾಡಿ ಎರಡೇ ವರ್ಷದಲ್ಲಿ ಮಾರುಕಟ್ಟೆಯಿಂದ ಬಹುಪಾಲು ಓಡಿಸಿತು. ಮನೆಯಲ್ಲಿ ನೋಡುವ ಬಗೆ: ಒಂದು ಲೋಟ ನೀರಿಗೆ ಅರಿಶಿಣದ ಕೊಂಬು ಹಾಕಿ. ಕೂಡಲೇ ನೀರಿಗೆ ಗಾಢ ಹಳದಿ ಬಣ್ಣ ಬಿಟ್ಟರೆ ಅನುಮಾನ. ಒಳ್ಳೆಯ ಕೊಂಬು ಹಾಗೆ ಬಣ್ಣ ಬಿಡುವುದಿಲ್ಲ. ಇದು ಸುಳಿವು ಮಾತ್ರ, ಖಾತ್ರಿ ಲ್ಯಾಬಿನಲ್ಲೇ. ಸಾಧ್ಯವಾದರೆ ಗೊತ್ತಿರುವ ರೈತರ ಹತ್ತಿರ ಬಣ್ಣ ಮಂಕಾಗಿರುವ ಕೊಂಬು ಕೊಂಡು ಗಿರಣಿಯಲ್ಲಿ ಪುಡಿ ಮಾಡಿಸಿ. ಉಚ್ಚಂಗೆಮ್ಮನಿಗೆ, ಮೈಲಾರನಿಗೆ ಎಂದು ಜಾತ್ರೆಯಲ್ಲಿ ಮಾರುವ ಭಂಡಾರ ಪೂಜೆಗೆ, ಸಾರಿಗೆ ಅಲ್ಲ. ಉಳಿಯಿತು ಎಂದು ಅಡುಗೆ ಡಬ್ಬಿಗೆ ಸುರಿಯಬೇಡಿ.

ಕಲಾಯಿ. ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿ ಅಪ್ಪಟ ತವರ ಆಗಿದ್ದರೆ ಚಿಂತೆ ಇಲ್ಲ. ತವರ ದುಬಾರಿ, ಸೀಸ ಅಗ್ಗ, ಎರಡೂ ಬೆಳ್ಳಗೆ ಹೊಳೆಯುತ್ತವೆ. ನಂಬಿಕೆಯ ಕಲಾಯಿಯವರು ಇಲ್ಲದಿದ್ದರೆ ಹುಣಸೆಹುಳಿ, ಟೊಮೆಟೊ, ನಿಂಬೆ, ಮಜ್ಜಿಗೆ ಆ ಪಾತ್ರೆಗೆ ಬೇಡ. ಹುಳಿ ಸೀಸವನ್ನು ಎಳೆದುಕೊಳ್ಳುತ್ತದೆ. ಹೆಸರಿಲ್ಲದ, ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯಲ್ಲೂ ಸೀಸ ಸಿಕ್ಕಿದ್ದುಂಟು. ಮಗುವಿನ ಅನ್ನ, ಸಾರು ಸ್ಟೀಲ್ ಪಾತ್ರೆಯಲ್ಲಿ ಮಾಡಿಬಿಡಿ, ಯೋಚನೆಯೇ ಇರುವುದಿಲ್ಲ. ಬಿರುಕು ಬಿಟ್ಟ ಪಿಂಗಾಣಿ ಜಾಡಿಯ ಉಪ್ಪಿನಕಾಯಿಯನ್ನು ಗಾಜಿಗೆ ವರ್ಗಾಯಿಸಿ.

ಇನ್ನು ನಮ್ಮ ಊರಿನ ಮಂಡಕ್ಕಿ, ಮೆಣಸಿನಕಾಯಿ! ಪೇಪರ್ ಪೊಟ್ಟಣ ಇಲ್ಲದೆ ಆ ರುಚಿಯೇ ಬರಲ್ಲ ಅನ್ನುವವರಲ್ಲಿ ನಾನೂ ಒಬ್ಬಳು. ಆದರೆ ಅಚ್ಚಿನ ಶಾಯಿಯಲ್ಲಿ ಸೀಸದಂಥ ಲೋಹಗಳು ಇರಬಹುದು, ಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2023ರಲ್ಲೂ ಹೇಳಿದೆ. ಬಿಸಿ ಎಣ್ಣೆಯ ಮಿರ್ಚಿ ಶಾಯಿಯನ್ನು ಚೆನ್ನಾಗಿ ಹೀರುತ್ತದೆ. ಈಗ ಡಬ್ಬಿ ತಗೊಂಡು ಹೋಗುತ್ತೇನೆ. ಅಂಗಡಿಯವರು ಮೊದಲೆರಡು ಸಲ ನಕ್ಕರು, ಈಗ ಕೈಚಾಚಿ ‘ಡಬ್ಬಿ ಕೊಡ್ರಿ ಅಕ್ಕಾರೆ’ ಅನ್ನುತ್ತಾರೆ.

ಐದನೆಯದು: ಹಣೆ, ಕಣ್ಣು, ಕೊರಳು

ಅರಿಶಿಣಕ್ಕೆ ಸುಣ್ಣ, ನಿಂಬೆರಸ ಸೇರಿಸಿ ಮಾಡಿದ ಕುಂಕುಮಕ್ಕೆ ತೊಂದರೆ ಇಲ್ಲ. ಕೇಸರಿ ಬಣ್ಣದ ಸಿಂಧೂರ ಹಾಗಲ್ಲ. ಅದರಲ್ಲಿ ರೆಡ್ ಲೆಡ್ ಇರಬಹುದು, ಅಂದರೆ ಸೀಸದ ಆಕ್ಸೈಡ್. ಆಂಜನೇಯನ ಗುಡಿಯಿಂದ ತಂದದ್ದನ್ನು ದೊಡ್ಡವರು ಇಟ್ಟುಕೊಳ್ಳಿ, ಮಗುವಿನ ಹಣೆಗೆ ಬೇಡ. ಮಗು ಹಣೆ ಉಜ್ಜಿದ ಕೈಯನ್ನು ಸೀದಾ ಬಾಯಿಗೆ ಹಾಕುತ್ತದೆ. ನಮ್ಮ ಅವ್ವ ಇದಕ್ಕೆ ಒಪ್ಪಲು ಒಂದು ತಿಂಗಳು ಹಿಡಿಯಿತು. ಕೊನೆಗೆ ವಿಭೂತಿ ಇಡುತ್ತೇನೆ ಎಂದು ಅವಳೇ ರಾಜಿಯಾದಳು.

ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆ ಬರೀ ಇಂಗಾಲ. ಸುರ್ಮಾ ಬೇರೆ. ಸಾಂಪ್ರದಾಯಿಕ ಸುರ್ಮಾವನ್ನು ಅರೆಯುವುದೇ ಸೀಸದ ಅದಿರಿನಿಂದ. ಮಕ್ಕಳ ಕಣ್ಣಿಗೆ ಅದನ್ನು ಹಚ್ಚಲೇಬೇಡಿ. ಹೆಸರು, ವಿವರ ಇಲ್ಲದ ಡಬ್ಬಿ ಕಾಡಿಗೆಗೂ ಇದೇ ಮಾತು.

ಕೊರಳಿನ ತಾಯತ, ಜಾತ್ರೆಯಲ್ಲಿ ಕೊಂಡ ಅಗ್ಗದ ಪದಕ, ಉಡುದಾರಕ್ಕೆ ಕಟ್ಟಿದ ಬಿಲ್ಲೆ, ಇವನ್ನು ಮಗು ಚೀಪುತ್ತದೆ. 2006ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 4 ವರ್ಷದ ಮಗುವೊಂದು ಬಹುಪಾಲು ಸೀಸದಿಂದಲೇ ಮಾಡಿದ್ದ ಪುಟ್ಟ ಪದಕ ನುಂಗಿ ಸತ್ತುಹೋಯಿತು. ಬೆಳ್ಳಿ ಎಂದು ಖಾತ್ರಿ ಇದ್ದರೆ ಹಾಕಿ, ಇಲ್ಲದಿದ್ದರೆ ನೂಲಿನ ದಾರ ಸಾಕು. ಮಗು ಲೋಹದ ಚೂರು ನುಂಗಿದೆ ಎಂಬ ಅನುಮಾನ ಬಂದರೆ ‘ನಾಳೆ ಮಲದಲ್ಲಿ ಬರುತ್ತೆ’ ಎಂದು ಕಾಯಬೇಡಿ, ಅವತ್ತೇ ಎಕ್ಸ್‌ರೇ ಆಗಲಿ.

ಮದ್ದಿನ ವಿಷಯಕ್ಕೆ ಬಂದರೆ, ಬಜೆ ತೇಯ್ದು ನೆಕ್ಕಿಸುವುದನ್ನೂ ಭಸ್ಮ ಕೊಡುವುದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆಯುರ್ವೇದದಲ್ಲಿ ‘ನಾಗ’ ಎಂದರೆ ಸೀಸ, ನಾಗಭಸ್ಮ ಎಂದರೆ ಸೀಸದ ಭಸ್ಮ. ಚೀಟಿ ಇಲ್ಲದ ಪುಡಿ, ಪೊಟ್ಟಣದ ಗುಳಿಗೆಯನ್ನು ಎಷ್ಟೇ ದೊಡ್ಡವರು ಹೇಳಿದರೂ ಮಗುವಿಗೆ ಕೊಡಬೇಡಿ. ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಗಣಪನ ಹಬ್ಬಕ್ಕೆ ಬಣ್ಣ ಬಳಿಯದ ಮಣ್ಣಿನ ಗಣಪ ತಂದರೆ ಮಕ್ಕಳು ಮುಟ್ಟಿ ಆಡಿದರೂ ನಿಶ್ಚಿಂತೆ.

ನೀರು

ನಮ್ಮ ಕಡೆ ನೀರು ಎಂದರೆ ಫ್ಲೋರೈಡ್ ನೆನಪಾಗುತ್ತದೆ. ಚಿತ್ರದುರ್ಗದ ಬೋರ್‌ವೆಲ್‌ಗಳ ಕಥೆ ಎಲ್ಲರಿಗೂ ಗೊತ್ತು. ಅದು ಬೇರೆ, ಇದು ಬೇರೆ. ಸೀಸ ಬರುವುದಾದರೆ ಹೆಚ್ಚಾಗಿ ಹಳೇ ಹಿತ್ತಾಳೆ ನಲ್ಲಿ, ಬೆಸುಗೆ, ಹಳೇ ಪಿವಿಸಿ ಪೈಪುಗಳಿಂದ. ಬೆಳಗ್ಗೆ ಮೊದಲು ಬರುವ ನೀರನ್ನು ಸ್ವಲ್ಪ ಹೊತ್ತು ಬಿಟ್ಟು ಗಿಡಕ್ಕೋ ಬಚ್ಚಲಿಗೋ ಬಳಸಿ, ಆಮೇಲೆ ಕುಡಿಯಲು ಹಿಡಿಯಿರಿ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಇದ್ದರೆ ತೆಗೆಯುತ್ತದೆ. ಆದರೆ ಇದಕ್ಕಾಗಿಯೇ ಹದಿನೈದು ಸಾವಿರ ಖರ್ಚು ಮಾಡುವ ಮುಂಚೆ ಬಟ್ಟೆ, ಪೇಂಟು, ಧೂಳು ನೋಡಿ. ನಾವು ಮೊದಲು ಫಿಲ್ಟರ್ ಅಂಗಡಿಗೇ ಓಡಿದ್ದೆವು, ಅದಕ್ಕೇ ಹೇಳುತ್ತಿದ್ದೇನೆ.

ಊಟ

ಹಸಿದ ಹೊಟ್ಟೆ ಸೀಸವನ್ನು ಜಾಸ್ತಿ ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ರಕ್ತಹೀನತೆ ಕಂಡಿತ್ತು. ಅಂದರೆ ನಮ್ಮ ಮಕ್ಕಳ ಮೈ ಸೀಸಕ್ಕೆ ಬಾಗಿಲು ತೆರೆದೇ ಕೂತಿದೆ.

ರಾಗಿ ಇದೆಯಲ್ಲ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ರಾಗಿ ಅಂಬಲಿ, ರಾಗಿ ಸರಿ, ಹಾಲು, ಮೊಸರು ಕೊಡಿ. ಕಬ್ಬಿಣಕ್ಕೆ ಮೊಟ್ಟೆ, ಕಾಳು, ನುಗ್ಗೆಸೊಪ್ಪು, ತಿನ್ನುವವರ ಮನೆಯಲ್ಲಿ ಮಾಂಸ. ಜೊತೆಗೆ ನಿಂಬೆಹಣ್ಣು ಹಿಂಡಿ ಅಥವಾ ಸೀಬೆ ಕೊಡಿ, ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಊಟದ ಜೊತೆ ಟೀ ಬೇಡ. ಅಂಗನವಾಡಿಯ ಕಬ್ಬಿಣದ ಸಿರಪ್, ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. ಆಡಲು ಕಳಿಸುವ ಮುಂಚೆ ಏನಾದರೂ ತಿನ್ನಿಸಿ, ಬಂದ ಮೇಲೆ ಮತ್ತು ತಿನ್ನುವ ಮೊದಲು ಸೋಪಿನಲ್ಲಿ ಕೈ ತೊಳೆಸಿ. ಉಗುರು ಚಿಕ್ಕದಾಗಿರಲಿ.

ಪರೀಕ್ಷೆ ಮಾಡಿಸುವುದು ಹೇಗೆ

ಹಾಳೆಯಲ್ಲಿ ಗಟ್ಟಿ ಅನುಮಾನ ಒಂದಾದರೂ ಇದ್ದರೆ, ಮಗು ಮಣ್ಣು ಅಥವಾ ಪೇಂಟ್ ತಿನ್ನುತ್ತಿದ್ದರೆ, ಟಾನಿಕ್ ಕೊಟ್ಟರೂ ರಕ್ತ ಏರದಿದ್ದರೆ ಮಕ್ಕಳ ಡಾಕ್ಟರಿಗೆ ‘ಬ್ಲಡ್ ಲೆಡ್ ಲೆವೆಲ್ ಮಾಡಿಸಬೇಕಾ?’ ಎಂದು ನೀವೇ ಕೇಳಿ. ಕೇಳಲು ಸಂಕೋಚ ಬೇಡ, ಹಾಳೆಯನ್ನೇ ಅವರ ಮುಂದಿಡಿ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಸೀಸ ಕಾಣುವುದಿಲ್ಲ. ಲ್ಯಾಬಿಗೆ ಹೋಗುವ ಮುಂಚೆ ಫೋನ್ ಮಾಡಿ, ಈ ಪರೀಕ್ಷೆಯನ್ನು ತಗೊಳ್ಳುತ್ತೀರಾ, ಸ್ಯಾಂಪಲ್ ಎಲ್ಲಿಗೆ ಕಳಿಸುತ್ತೀರಿ, ಎಷ್ಟು ದಿನ, ಎಷ್ಟು ದುಡ್ಡು ಎಂದು ಕೇಳಿ. ರಕ್ತನಾಳದಿಂದ ತೆಗೆದ ರಕ್ತವೇ ಒಳ್ಳೆಯದು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೇ ಸೇರಿ ಲೆಕ್ಕ ತಪ್ಪಬಹುದು.

ವರದಿಯಲ್ಲಿ ಬರುವ ಅಂಕಿ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಎಂಬುದು. 5 ಅಥವಾ ಜಾಸ್ತಿ ಇದ್ದರೆ ಮೂಲ ಹುಡುಕಿ ತಡೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದವರು 2021ರಿಂದ 3.5ಕ್ಕೇ ಎಚ್ಚರ ಹೇಳುತ್ತಾರೆ. ಕೆಲವು ವರದಿಗಳಲ್ಲಿ ‘10ರವರೆಗೆ ನಾರ್ಮಲ್’ ಎಂಬ ಹಳೇ ಸಾಲು ಅಚ್ಚಾಗಿರಬಹುದು, ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. 45 ಮುಟ್ಟಿದರೆ ಸೀಸ ಹೊರಹಾಕುವ ಔಷಧಿಯ ಮಾತು ಬರುತ್ತದೆ, ಅದು ತಜ್ಞ ಡಾಕ್ಟರ ಕಣ್ಣೆದುರಲ್ಲೇ ಆಗಬೇಕು. ಅದಕ್ಕಿಂತ ಕಡಿಮೆ ಇದ್ದಾಗ ಸಾಮಾನ್ಯವಾಗಿ ಔಷಧಿ ಇಲ್ಲ, ಸೀಸ ಬರುವ ದಾರಿ ಮುಚ್ಚುವುದೇ ಚಿಕಿತ್ಸೆ. ‘ಡಿಟಾಕ್ಸ್’ ಪುಡಿ ಎಂದು ಮಾರುವವರು ಬರುತ್ತಾರೆ, ಬಾಗಿಲು ಹಾಕಿಕೊಳ್ಳಿ. ಮಗುವಿಗೆ ಬಿಡದೆ ವಾಂತಿ, ವಿಪರೀತ ಮಂಪರು, ತೂರಾಡುವ ನಡೆ, ಫಿಟ್ಸ್ ಬಂದರೆ ವರದಿಗೆ ಕಾಯದೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ, ಹಾಳೆಯಲ್ಲಿ ಬರೆದದ್ದನ್ನು ಅಲ್ಲಿ ಹೇಳಿ.

ಒಂದು ಮಗುವಿಗೆ ಜಾಸ್ತಿ ಬಂದರೆ ಮನೆಯ ಉಳಿದ ಮಕ್ಕಳಿಗೂ, ಬಸುರಿಗೂ, ಆ ಕೆಲಸ ಮಾಡುವವರಿಗೂ ಮಾಡಿಸಿ. ಭಾವನ ಅಂಕಿ ಮಗನಿಗಿಂತ ಎರಡು ಪಟ್ಟು ಬಂದಿತ್ತು. ಅದನ್ನು ನೋಡಿದ ಮೇಲೆ ಅಂಗಡಿಯಲ್ಲೇ ಸ್ನಾನ ಮಾಡಿ ಬರಲು ಯಾರೂ ಹೇಳಬೇಕಾಗಲಿಲ್ಲ. ಮರುಪರೀಕ್ಷೆ ಯಾವಾಗ ಎಂದು ಡಾಕ್ಟರು ಹೇಳುತ್ತಾರೆ, ನಮಗೆ ಮೂರು ತಿಂಗಳು ಎಂದರು. ಹುಡುಗನಿಗೆ 14 ಇದ್ದದ್ದು 9 ಆಯಿತು, ವರ್ಷದ ಹೊತ್ತಿಗೆ 5. ಒಮ್ಮೆಲೇ ಇಳಿಯುವುದಿಲ್ಲ. ಎಲುಬಿನಲ್ಲಿ ಕೂತದ್ದು ನಿಧಾನಕ್ಕೆ ರಕ್ತಕ್ಕೆ ಬರುತ್ತಲೇ ಇರುತ್ತದೆ, ಅದಕ್ಕೆ ಮರುಪರೀಕ್ಷೆ ನಿಲ್ಲಿಸಬಾರದು.

ಕೊನೆಗೆ ಉಳಿಯುವ ಪ್ರಶ್ನೆ, ಹಾಳೆಯಲ್ಲಿ ಬರೆದ ಸಾಮಾನುಗಳನ್ನು ಏನು ಮಾಡುವುದು? ಪೇಂಟ್ ಏಳುವ ತೊಟ್ಟಿಲು, ಅನುಮಾನದ ಪಾತ್ರೆ, ಬಣ್ಣ ಬಿಡುವ ಆಟಿಕೆ. ಅಕ್ಕ ಅವನ್ನೆಲ್ಲ ಒಂದು ಚೀಲಕ್ಕೆ ಕಟ್ಟಿ ಪಾತ್ರೆ ತೊಳೆಯಲು ಬರುವವರ ಮೊಮ್ಮಗಳಿಗೆ ಕೊಡಲು ಹೊರಟಿದ್ದಳು. ಆ ಕೂಸಿಗೆ ಇನ್ನೂ ಒಂದು ವರ್ಷ ಆಗಿರಲಿಲ್ಲ. ನಾನು ಚೀಲ ಕಸಿದುಕೊಂಡು ಆಟಿಕೆ, ಪಾತ್ರೆಗಳನ್ನು ಸುತ್ತಿ ಬೇರೆ ಕಸದ ಜೊತೆ ಸೇರದಂತೆ ಕಸದ ಗಾಡಿಯವರ ಕೈಗೇ ಕೊಟ್ಟೆ. ತೊಟ್ಟಿಲಿಗೆ ನೀರು ಹಾಕಿ ಉಜ್ಜಿಸಿ, ಡಬ್ಬಿ ಓದಿ ತಂದ ಪೇಂಟ್ ಹೊಡೆಸಿದೆವು. ಅದೀಗ ಆ ಕೂಸಿನ ಮನೆಯಲ್ಲೇ ಇದೆ.